ಸೆಂಟ್‌ಓಎಸ್ 7ರಲ್ಲಿ ಹೊಸ ಸಿ++ ಕೋಡ್: ನಾಲ್ಕು ದಾರಿ ಹಿಡಿದು ನೋಡಿದೆ

ನಮ್ಮ ಲ್ಯಾಬ್‌ನಲ್ಲಿ ಒಂದು ಮೈಕ್ರೋಸ್ಕೋಪ್ ಇದೆ. ಅದಕ್ಕೆ ಜೋಡಿಸಿರುವ ಕಂಪ್ಯೂಟರ್‌ನಲ್ಲಿ ಇರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಓಎಸ್. ಕ್ಯಾಮೆರಾ ಕಾರ್ಡಿನ ಡ್ರೈವರ್ ಅದರ 3.10 ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ಮಾತ್ರ ಸಿಕ್ಕಿದ್ದು, ಹೊಸದು ಬರುವ ಲಕ್ಷಣ ಇಲ್ಲ. ಹಾಗಾಗಿ "ಓಎಸ್ ಬದಲಿಸಿಬಿಡಿ" ಅನ್ನುವ ಸಲಹೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಕಾರ್ಡೂ ಕ್ಯಾಮೆರಾನೂ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಓಎಸ್ ಹಳೆಯದಾಯ್ತು ಅಂತ ಸುಮ್ನೆ ಅವನ್ನು ಮೂಲೆಗೆ ಹಾಕಲು ನನಗೆ ಮನಸ್ಸಿಲ್ಲ.

ಪ್ರೋಗ್ರಾಮ್ ಮಾತ್ರ ಹೊಸದು, ಸಿ++17ರಲ್ಲಿ ಬರೆದದ್ದು. ಅದರಲ್ಲಿ ಎರಡು ಭಾಗ. ಒಂದು ಕ್ಯಾಮೆರಾದಿಂದ ಚಿತ್ರ ಹಿಡಿಯುತ್ತದೆ, ಅದಕ್ಕೆ ಕಾರ್ಡಿನ ಜೊತೆ ಬಂದ ಸಿ++ ಲೈಬ್ರರಿ ಬೇಕೇ ಬೇಕು. ಇನ್ನೊಂದು ಆ ಚಿತ್ರಗಳನ್ನು ತೋರಿಸಿ ಜೀವಕೋಶ ಎಣಿಸುತ್ತದೆ, ಅದಕ್ಕೆ ಚಿತ್ರ ಸಂಸ್ಕರಿಸುವ ಓಪನ್‌ಸಿವಿ ಮತ್ತು ವಿಂಡೋ ತೋರಿಸುವ ಕ್ಯೂಟಿ ಲೈಬ್ರರಿಗಳು. ಆ ಯಂತ್ರದಲ್ಲಿರುವ ಕಂಪೈಲರ್ ಜಿಸಿಸಿ 4.8.5. ಮೇಕ್ ಹೊಡೆದ ತಕ್ಷಣ, ಸಿ++17 ಅನ್ನುವ ಆಪ್ಷನ್ ನನಗೆ ಗೊತ್ತೇ ಇಲ್ಲ ಎಂದು ನಿಂತಿತು.

ಇಲ್ಲಿ ಹಳೆಯದು ಎರಡು ಇವೆ. ಕಂಪೈಲರ್ ಹಳೆಯದು, ಅದನ್ನು ಬದಲಿಸಬಹುದು. ಜಿಲಿಬ್‌ಸಿ ಹಳೆಯದು, ಅಂದರೆ ಎಲ್ಲ ಪ್ರೋಗ್ರಾಮ್‌ಗಳ ಕೆಳಗೆ ಕೂತಿರುವ ಸಿ ಲೈಬ್ರರಿ, ಇಲ್ಲಿ ಅದು 2.17. ಅದನ್ನು ಮುಟ್ಟಿದರೆ ಇಡೀ ಯಂತ್ರ ಮಲಗುತ್ತದೆ. ಹಳೆ ಜಿಲಿಬ್‌ಸಿ ಮೇಲೆ ಕಂಪೈಲ್ ಮಾಡಿದ್ದು ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಮಾಡಿದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ನಾನು ನಾಲ್ಕೂ ದಾರಿಯನ್ನು ಅಳೆದಿದ್ದು ಇದರಿಂದಲೇ.

ಮೊದಲು ಕೈಹಾಕಿದ್ದು ಜಿಸಿಸಿಯನ್ನೇ ಸೋರ್ಸ್‌ನಿಂದ ಕಟ್ಟುವುದಕ್ಕೆ. ಜಿಸಿಸಿ 13 ತಂದೆ. ಅದಕ್ಕೆ ಬೇಕಾದ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳನ್ನು ತರಲು ಅದರೊಳಗೇ ಒಂದು ಸ್ಕ್ರಿಪ್ಟ್ ಇದೆ. 32 ಬಿಟ್ ಹೆಡರ್ ಇಲ್ಲ ಎಂದು ಒಮ್ಮೆ ಬಿತ್ತು, ಮಲ್ಟಿಲಿಬ್ (32 ಬಿಟ್‌ಗೂ ಸೇರಿಸಿ ಕಟ್ಟುವುದು) ಬೇಡ ಎಂದು ಕಾನ್ಫಿಗರ್‌ಗೆ ಹೇಳಿದ ಮೇಲೆ ಮುಂದೆ ಹೋಯಿತು. ಅದು ತನ್ನನ್ನು ತಾನೇ ಮೂರು ಸುತ್ತು ಕಂಪೈಲ್ ಮಾಡಿಕೊಳ್ಳುತ್ತದೆ, ಹಾಗಾಗಿ ನಮ್ಮ ನಾಲ್ಕು ಕೋರ್ ಯಂತ್ರದಲ್ಲಿ ಮಧ್ಯಾಹ್ನ ಶುರುವಾದದ್ದು ಸಂಜೆಗೆ ಮುಗಿಯಿತು. ಕಂಪೈಲರ್ ಚೆನ್ನಾಗಿಯೇ ಬಂತು. ತೊಂದರೆ ಆಮೇಲೆ. ಅದರಲ್ಲಿ ಕಟ್ಟಿದ ಪ್ರೋಗ್ರಾಮ್ ಓಡಿಸಿದರೆ ಸಿಸ್ಟಮ್‌ನ ಹಳೆ ಸಿ++ ಲೈಬ್ರರಿಯನ್ನು ಹಿಡಿದುಕೊಂಡು, ಬೇಕಾದ ಆವೃತ್ತಿ ಸಿಗಲಿಲ್ಲ ಎನ್ನುತ್ತದೆ, ಏಕೆಂದರೆ ಅದರಲ್ಲಿರುವುದು 3.4.19ರವರೆಗೆ ಮಾತ್ರ. ಸಿ++ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿ, ಅಂದರೆ ಪ್ರೋಗ್ರಾಮ್‌ನೊಳಗೇ ಸೇರಿಸಿ, ಅದನ್ನು ದಾಟಿದೆ.

ದಾಟಿದ ಮೇಲೆ ಕ್ಯಾಮೆರಾ ಭಾಗ ಲಿಂಕ್ ಆಗಲಿಲ್ಲ. ಸ್ಟ್ರಿಂಗ್ ತೆಗೆದುಕೊಳ್ಳುವ ಪ್ರತಿಯೊಂದು ಫಂಕ್ಷನ್ನಿಗೂ "ಸಿಗಲಿಲ್ಲ" ಎಂಬ ಸಾಲು, ಹೆಸರಿನ ನಡುವೆ "ಸಿಎಕ್ಸ್‌ಎಕ್ಸ್11" ಅನ್ನುವ ತುಣುಕು. ಈ ತುಣುಕು ನಿಮಗೂ ಕಂಡರೆ ಬೇರೆಲ್ಲೂ ಹುಡುಕಬೇಡಿ. ಜಿಸಿಸಿ 5ರಿಂದ ಸಿ++ ಸ್ಟ್ರಿಂಗ್‌ನ ಒಳರಚನೆ ಬದಲಾಯಿತು, ನಮ್ಮ ಕಾರ್ಡಿನ ಲೈಬ್ರರಿ ಹಳೆ ರಚನೆಯಲ್ಲಿ ಕಟ್ಟಿದ್ದು. ಒಂದು ಮ್ಯಾಕ್ರೋವನ್ನು ಸೊನ್ನೆ ಮಾಡಿದರೆ ಹೊಸ ಜಿಸಿಸಿಯೂ ಹಳೆ ರಚನೆ ಬಳಸುತ್ತದೆ. ಆದರೆ ಜೊತೆಗೆ ಲಿಂಕ್ ಆಗುವ ಎಲ್ಲ ಸಿ++ ಲೈಬ್ರರಿಗೂ ಅದನ್ನೇ ಮಾಡಬೇಕು, ಒಂದೂ ಬಿಡುವ ಹಾಗಿಲ್ಲ.

ಎರಡನೆಯದು ಕೋಂಡಾ, ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೂಟ್ ಪಾಸ್‌ವರ್ಡ್ ಇಲ್ಲದವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಕೋಂಡಾ ಫೋರ್ಜ್ ಎಂಬ ಪ್ಯಾಕೇಜ್ ಸಂಗ್ರಹದ ಕಂಪೈಲರ್ ಜೊತೆಗೆ 2.17ರ ಸಿಸ್‌ರೂಟ್ (ಹೆಡರ್, ಲೈಬ್ರರಿಗಳ ಕಟ್ಟು) ಸಿಗುತ್ತದೆ, ಅಂದರೆ ಹೊಸ ಕಂಪೈಲರ್ ಹಳೆ ಜಿಲಿಬ್‌ಸಿಗೇ ಗುರಿಯಿಡುತ್ತದೆ. ಎಣಿಸುವ ಭಾಗ ಅರ್ಧ ಗಂಟೆಯಲ್ಲಿ ಓಡಿತು, ಓಪನ್‌ಸಿವಿ ಸಿದ್ಧವಾಗಿಯೇ ಬಂತು. ಆದರೆ ಆ ಓಪನ್‌ಸಿವಿ ಹೊಸ ಸ್ಟ್ರಿಂಗ್‌ನದು, ಕಾರ್ಡಿನ ಲೈಬ್ರರಿ ಹಳೆಯದರದು. ಒಂದೇ ಪ್ರೋಗ್ರಾಮ್‌ನಲ್ಲಿ ಎರಡನ್ನೂ ಕೂರಿಸಲು ಆಗಲಿಲ್ಲ. ಇನ್ನೊಂದು ವಿಷಯ, ಜಿಲಿಬ್‌ಸಿ 2.28 ಬೇಕು ಅನ್ನುವ ಪ್ಯಾಕೇಜ್‌ಗಳು ಇವೆ, ಅವನ್ನು ಈ ಯಂತ್ರದಲ್ಲಿ ಕೋಂಡಾ ಹಾಕುವುದಿಲ್ಲ. ಬರೀ ಪೈಥಾನ್ ಕೆಲಸ ಇರುವವರು ಇದನ್ನೇ ಹಿಡಿಯಿರಿ.

ಮೂರನೆಯದು ಕಂಟೇನರ್, ಅಂದರೆ ಇನ್ನೊಂದು ಓಎಸ್‌ನ ಫೈಲ್‌ಗಳನ್ನು ಡಬ್ಬಿಯ ಹಾಗೆ ಇಟ್ಟು ಅದರೊಳಗೆ ಪ್ರೋಗ್ರಾಮ್ ಓಡಿಸುವುದು. ಇದಕ್ಕೆ ಕಾರಣ ನಮ್ಮ ಪಿಎಚ್‌ಡಿ ಹುಡುಗಿ. "ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ, ಅಲ್ಲಿ ಎಲ್ಲ ಕಂಪೈಲ್ ಆಗುತ್ತೆ, ಅದನ್ನೇ ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಿದರೆ ಆಗಲ್ವಾ?" ಎಂದಳು. "ನೋಡಮ್ಮ, ಒಂದು ಹಲೋ ವರ್ಲ್ಡ್ ತಗೊಂಡು ಬಾ" ಎಂದೆ. ತಂದಳು, ಅದೂ ಓಡಲಿಲ್ಲ. ಜಿಲಿಬ್‌ಸಿ 2.34 ಬೇಕು ಎಂದಿತು. ಐದು ಸಾಲಿನ ಪ್ರೋಗ್ರಾಮ್‌ಗೆ 2.34 ಯಾಕೆ ಅಂದರೆ, ಮೇನ್ ಫಂಕ್ಷನ್ ಶುರುವಾಗುವ ಮೊದಲು ಕರೆಯುವ ಒಳಗಿನ ಫಂಕ್ಷನ್ನಿಗೇ 2.34ರಲ್ಲಿ ಹೊಸ ಆವೃತ್ತಿ ಸಂಖ್ಯೆ ಕೊಟ್ಟರು. ಹಾಗಾಗಿ ಒಳಗೆ ಏನೇ ಬರೆದಿರಲಿ, ಬಾಗಿಲಲ್ಲೇ ನಿಲ್ಲುತ್ತದೆ.

ಆಗ ಅದೇ ಉಬುಂಟುವನ್ನು ಆಪ್‌ಟೈನರ್ ಎಂಬ ಕಂಟೇನರ್ ಸಾಧನದಲ್ಲಿ ಹಾಕಿದೆವು. ಮೊದಲು ಸಿಂಗ್ಯುಲಾರಿಟಿ ಎಂದು ಕರೆಯುತ್ತಿದ್ದದ್ದು ಇದನ್ನೇ. ಸೆಂಟ್‌ಓಎಸ್ 7ರಲ್ಲಿ ಯೂಸರ್ ನೇಮ್‌ಸ್ಪೇಸ್ (ರೂಟ್ ಅಲ್ಲದವರು ಕಂಟೇನರ್ ಓಡಿಸಲು ಬಳಸುವ ಸೌಲಭ್ಯ) ಮಿತಿ ಸೊನ್ನೆಗೆ ಇಟ್ಟಿರುತ್ತಾರೆ, ಒಮ್ಮೆ ರೂಟ್ ಆಗಿ ಅದನ್ನು ಏರಿಸಬೇಕು. ಒಳಗೆ ಕಂಪೈಲ್ ಸಲೀಸಾಗಿ ಆಯಿತು. ಓಡಿಸಿದಾಗ ಕ್ಯೂಟಿಯ ಕೋರ್ ಲೈಬ್ರರಿ ಫೈಲೇ ಇಲ್ಲ ಎಂದಿತು. ನೋಡಿದರೆ ಫೈಲ್ ಅಲ್ಲೇ ಇದೆ, ಪರ್ಮಿಷನ್ ಸರಿ ಇದೆ, ಜಾಗ ಸರಿ ಇದೆ. ಇಡೀ ಒಂದು ದಿನ ಹೋಯಿತು. ಕೊನೆಗೆ ತಿಳಿದದ್ದು, ಆ ಫೈಲಿನೊಳಗೆ "ಕನಿಷ್ಠ 3.17 ಕರ್ನಲ್ ಬೇಕು" ಅನ್ನುವ ಒಂದು ಗುರುತು ಬರೆದಿರುತ್ತದೆ. ಕಂಟೇನರ್‌ಗೆ ಸ್ವಂತ ಕರ್ನಲ್ ಇಲ್ಲ ಅಲ್ವಾ, ಹೊರಗಿನ 3.10 ಅನ್ನೇ ಬಳಸುತ್ತದೆ. ಗುರುತು ಹೊಂದದಿದ್ದರೆ ಲೋಡರ್ ಆ ಫೈಲನ್ನು ಬಿಟ್ಟು ಮುಂದೆ ಹುಡುಕುತ್ತದೆ, ಎಲ್ಲೂ ಸಿಗದಾಗ ಫೈಲ್ ಇಲ್ಲ ಎನ್ನುತ್ತದೆ. ಸ್ಟ್ರಿಪ್ ಕಮಾಂಡ್‌ನಿಂದ ಎಬಿಐ ಟ್ಯಾಗ್ ಎಂಬ ಆ ಭಾಗವನ್ನು ತೆಗೆದೆವು, ವಿಂಡೋ ತೆರೆದುಕೊಂಡಿತು. ಚಿತ್ರ ತೋರಿಸುವ ಭಾಗಕ್ಕೆ ಇದು ಒಳ್ಳೆಯ ದಾರಿ. ಕ್ಯಾಮೆರಾ ಭಾಗಕ್ಕೆ ಇಲ್ಲೂ ಅದೇ ಸ್ಟ್ರಿಂಗ್ ತಕರಾರು.

ಕೊನೆಗೆ ಡೆವ್‌ಟೂಲ್‌ಸೆಟ್ 11, ಸೆಂಟ್‌ಓಎಸ್ 7ರಲ್ಲಿ ಹೊಸ ಕಂಪೈಲರ್ ಕೊಡುವ ಪ್ಯಾಕೇಜ್ ಕಟ್ಟು. ಇದನ್ನೇ ಮೊದಲು ನೋಡಬೇಕಿತ್ತು, ಆದರೆ ಪ್ಯಾಕೇಜ್ ತರುವ ಯಮ್ ಕಮಾಂಡ್ ಏನನ್ನೂ ತರುತ್ತಿರಲಿಲ್ಲ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು, ಮಿರರ್ ಪಟ್ಟಿಯ ವಿಳಾಸವೂ ನಿಂತಿದೆ. ಪ್ಯಾಕೇಜ್‌ಗಳು ವಾಲ್ಟ್ ಎಂಬ ಸರ್ವರ್‌ನಲ್ಲಿ ಇನ್ನೂ ಇವೆ. ಯಮ್‌ಗೆ ವಿಳಾಸ ಹೇಳುವ ರೆಪೊ ಫೈಲ್‌ಗಳಲ್ಲಿ ಮಿರರ್‌ಲಿಸ್ಟ್ ಸಾಲು ಮುಚ್ಚಿ, ಬೇಸ್ ಯುಆರ್‌ಎಲ್ ಅನ್ನು ಅಲ್ಲಿಗೆ ತಿರುಗಿಸಬೇಕು. ಇದನ್ನು ಎರಡು ಸಲ ಮಾಡಬೇಕು ಅನ್ನುವುದು ನೆನಪಿರಲಿ. ಡೆವ್‌ಟೂಲ್‌ಸೆಟ್ ಸಿಗುವ ಎಸ್‌ಸಿಎಲ್ ಸಂಗ್ರಹದ ಪ್ಯಾಕೇಜ್ ಹಾಕಿದ ಕೂಡಲೇ ಅದು ತನ್ನದೇ ರೆಪೊ ಫೈಲ್‌ಗಳನ್ನು ತಂದಿಡುತ್ತದೆ, ಅವುಗಳಲ್ಲೂ ಹಳೆ ವಿಳಾಸವೇ ಇರುತ್ತದೆ.

ಹಾಕಿದ ಮೇಲೆ ಜಿಸಿಸಿ 11.2 ಸಿಕ್ಕಿತು, ಹೊಸ ಅಸೆಂಬ್ಲರ್, ಲಿಂಕರ್ ಸಮೇತ. ಕ್ಯಾಮೆರಾ ಭಾಗ ಮೊದಲ ಸಲಕ್ಕೇ ಲಿಂಕ್ ಆಯಿತು. ಕಾರಣ ಅದರ ರಚನೆಯಲ್ಲೇ ಇದೆ. ಸೆಂಟ್‌ಓಎಸ್ 7ರಲ್ಲಿ ಡೆವ್‌ಟೂಲ್‌ಸೆಟ್ ಯಾವಾಗಲೂ ಹಳೆ ಸ್ಟ್ರಿಂಗ್ ರಚನೆಯನ್ನೇ ಬಳಸುತ್ತದೆ. ಸಿ++ ಲೈಬ್ರರಿಯಲ್ಲಿ ಹಳೆಯದರಲ್ಲಿ ಇರುವುದನ್ನು ಸಿಸ್ಟಮ್‌ನಿಂದ ತೆಗೆದುಕೊಂಡು, ಇಲ್ಲದ್ದನ್ನು ಮಾತ್ರ ನಮ್ಮ ಪ್ರೋಗ್ರಾಮ್‌ನೊಳಗೆ ಸೇರಿಸುತ್ತದೆ. ಹಾಗಾಗಿ ಕಟ್ಟಿದ್ದನ್ನು ಡೆವ್‌ಟೂಲ್‌ಸೆಟ್ ಇಲ್ಲದ ಇನ್ನೊಂದು ಸೆಂಟ್‌ಓಎಸ್ 7 ಯಂತ್ರಕ್ಕೆ ಒಯ್ದರೂ ಓಡುತ್ತದೆ, ನಾನು ಪಕ್ಕದ ಲ್ಯಾಬ್‌ನಲ್ಲಿ ಓಡಿಸಿ ನೋಡಿದ್ದೇನೆ. ಇದನ್ನು ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಮೂಡಿತು.

ಕೊರತೆಗಳೂ ಇವೆ. ಓಪನ್‌ಸಿವಿಯನ್ನು ಸೋರ್ಸ್‌ನಿಂದಲೇ ಕಟ್ಟಬೇಕಾಯಿತು. ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಇಲ್ಲಿ 2.8.12, ತೀರಾ ಹಳೆಯದು, ಅದಕ್ಕೆ ಸಿಮೇಕ್‌ನವರ ತಾಣದ ಸಿದ್ಧ ಟಾರ್ ಫೈಲ್ ತಂದು ಬಿಚ್ಚಿದೆ, ಅಷ್ಟೇ. ಎಸ್‌ಸಿಎಲ್ ಎನೇಬಲ್ ಮಾಡದ ಶೆಲ್‌ನಲ್ಲಿ ಒಮ್ಮೆ ಸಿಮೇಕ್ ಓಡಿಸಿದರೆ ಅದು 4.8.5 ಅನ್ನೇ ನೆನಪಿಟ್ಟುಕೊಳ್ಳುತ್ತದೆ, ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಲಿಂಕ್ ಆದ ಥ್ರೆಡ್ ಕೋಡ್ ಇಲ್ಲಿ ಪಿಥ್ರೆಡ್ (ಥ್ರೆಡ್‌ಗಳ ಲೈಬ್ರರಿ) ಇಲ್ಲ ಎಂದು ನಿಂತರೆ ಗಾಬರಿಯಾಗಬೇಡಿ. 2.34ರಿಂದ ಅದು ಜಿಲಿಬ್‌ಸಿಯೊಳಗೇ ಸೇರಿದೆ, ಇಲ್ಲಿ ಅದರ ಆಪ್ಷನ್ ಬರೆಯಲೇಬೇಕು.

ಈಗ ಚಿತ್ರ ಹಿಡಿಯುವ ಭಾಗ ಡೆವ್‌ಟೂಲ್‌ಸೆಟ್‌ನಲ್ಲಿ, ಎಣಿಸುವ ಭಾಗ ಆಪ್‌ಟೈನರ್‌ನಲ್ಲಿ, ನಡುವೆ ಒಂದು ಫೋಲ್ಡರ್. ಜಿಸಿಸಿ 13 ಅನ್ನು ಅಳಿಸಿದೆ. ಬಿಲ್ಡ್ ಸ್ಕ್ರಿಪ್ಟಿನ ಕೊನೆಗೆ, ಪ್ರೋಗ್ರಾಮ್ ಫೈಲಿನ ಒಳಗನ್ನು ತೋರಿಸುವ ಆಬ್ಜ್‌ಡಂಪ್ ಕಮಾಂಡ್‌ನ ಒಂದು ಸಾಲು ಸೇರಿಸಿದ್ದೇನೆ. ಕ್ಯಾಮೆರಾ ಪ್ರೋಗ್ರಾಮ್ ಕೇಳುವ ಜಿಲಿಬ್‌ಸಿ ಸಂಖ್ಯೆಗಳನ್ನು ಅದು ತೆಗೆದು ನೋಡುತ್ತದೆ, ಯಾವುದಾದರೂ 2.17 ದಾಟಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.