ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್: ಆತುರದಲ್ಲಿ ನೋಡುವ ಜಾಗ ಅಲ್ಲ

ಮ್ಯಾಕ್ವಾರಿ ಸ್ಟ್ರೀಟಿನ ಈ ಮ್ಯೂಸಿಯಂಗೆ ದುಡ್ಡು ಬೇಕಿಲ್ಲ, ಸಮಯ ಬೇಕು. ನಮ್ಮ ಟೂರಿನವರು ಅರ್ಧ ಗಂಟೆ ಕೊಟ್ಟು ಬಸ್ ಹತ್ತಿಸಿಬಿಟ್ಟರು. ಸಮಾಧಾನವಾಗದೆ ಮಾರನೇ ದಿನ ನಾನೇ ಮತ್ತೆ ಹೋದೆ.

1788ರಿಂದ 1868ರವರೆಗೆ ಬ್ರಿಟಿಷರು ಸುಮಾರು 1,62,000 ಕೈದಿಗಳನ್ನು ಹಡಗುಗಳಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಕುರಿ ಕದ್ದವರು, ಬಟ್ಟೆ ಕದ್ದವರು, ದಂಗೆ ಎದ್ದ ಐರಿಷ್ ಜನ, ಎಲ್ಲರೂ ಅದರಲ್ಲಿದ್ದರು. ಸಿಡ್ನಿಯಲ್ಲಿ ಸರ್ಕಾರಿ ಕೆಲಸಕ್ಕೆ ಹಚ್ಚಿದ್ದ ಗಂಡಸರು ರಾತ್ರಿ ಮಲಗಲೆಂದು 1819ರಲ್ಲಿ ಈ ಕಟ್ಟಡ ಬಳಕೆಗೆ ಬಂತು. ಇದರ ನಕ್ಷೆ ಹಾಕಿದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಕೈದಿಯೇ, ಫೋರ್ಜರಿ ಮಾಡಿ ಸಿಕ್ಕಿಬಿದ್ದವನು. ಕೆಲಸ ಮೆಚ್ಚಿದ ಗವರ್ನರ್ ಮ್ಯಾಕ್ವಾರಿ ಅವನ ಶಿಕ್ಷೆಯನ್ನೇ ಮನ್ನಾ ಮಾಡಿದ. 1966ರಲ್ಲಿ ಬಂದ ಹತ್ತು ಡಾಲರ್ ನೋಟಿನ ಮೇಲೆ ಅವನ ಚಿತ್ರವೇ ಇತ್ತು!

ಹೆಡ್‌ಫೋನ್ ಹಾಕಿಕೊಂಡು ನಡೆದರೆ ಸಾಕು, ಯಾವ ಕೋಣೆಗೆ ಹೋಗುತ್ತೀರೋ ಅಲ್ಲಿನ ಕಥೆ ತಾನಾಗಿ ಕೇಳಿಸುತ್ತದೆ. ಮೇಲಿನ ಮಹಡಿಯಲ್ಲಿ ಕ್ಯಾನ್ವಾಸ್ ಜೋಲಿಗಳನ್ನು ಒತ್ತೊತ್ತಾಗಿ ಕಟ್ಟಿದ್ದಾರೆ. 600 ಜನಕ್ಕೆಂದು ಕಟ್ಟಿದ ಕಡೆ ಒಮ್ಮೊಮ್ಮೆ 1,400 ಜನರನ್ನು ತುಂಬುತ್ತಿದ್ದರಂತೆ, ಆ ಜೋಲಿಗಳ ನಡುವೆ ನಿಂತರೆ ಅದು ಎಂಥ ಪಾಡು ಅಂತ ಮೈಗೇ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ನೆಲದ ಹಲಗೆಗಳ ಕೆಳಗೆ ಸಿಕ್ಕ ವಸ್ತುಗಳು. ಗೂಡು ಕಟ್ಟಲು ಇಲಿಗಳು ಎಳೆದುಕೊಂಡು ಹೋದ ಬಟ್ಟೆ ಚೂರು, ಕಾಗದದ ತುಂಡು ಅಲ್ಲೇ ಒಣಗಿ ಉಳಿದುಕೊಂಡಿವೆ. ಒಬ್ಬ ಕೈದಿಯ ಪಟ್ಟೆ ಅಂಗಿಯೂ ಹಲಗೆ ಕೆಳಗೇ ಸಿಕ್ಕಿತು. ರಾಜರ ಒಡವೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಬಡವನ ಅಂಗಿ ಇಷ್ಟು ಕಾಲ ಉಳಿಯುವುದು ಅಪರೂಪ ಅಲ್ವಾ? ಕೈದಿಗಳ ವಸಾಹತು ಬೆಳೆದಂತೆ ನೆಲ ಕಳೆದುಕೊಂಡ ಮೂಲನಿವಾಸಿಗಳ ಕಥೆಯನ್ನೂ ಇಲ್ಲಿ ಬಿಟ್ಟಿಲ್ಲ. ಅದು ಬೇಕೇ ಬೇಕಿತ್ತು.

ಒಂದು ಕಾಲಕ್ಕೆ ಅಲ್ಲಿನ ಮನೆಗಳಲ್ಲಿ ಕೈದಿ ಮುತ್ತಜ್ಜನ ಸುದ್ದಿ ಎತ್ತುವ ಹಾಗೇ ಇರಲಿಲ್ಲ, ಕಳಂಕ ಅಂತ ಮುಚ್ಚಿಡುತ್ತಿದ್ದರು. ಈಗ ಹೆಮ್ಮೆಯಿಂದ ಹುಡುಕುತ್ತಾರೆ. ಪ್ರಧಾನಿಯಾಗಿದ್ದ ಕೆವಿನ್ ರಡ್ ಅವರ ಪೂರ್ವಜರಲ್ಲಿ ಮೇರಿ ವೇಡ್ ಒಬ್ಬಳು. ಇನ್ನೊಂದು ಮಗುವಿನ ಬಟ್ಟೆ ಕಿತ್ತುಕೊಂಡಿದ್ದಕ್ಕೆ ಮೊದಲು ಮರಣದಂಡನೆ ಆಗಿ, ಆಮೇಲೆ ಅದು ಗಡೀಪಾರಿಗೆ ಇಳಿದು, 1790ರಲ್ಲಿ ಸಿಡ್ನಿಗೆ ಬಂದಿಳಿದ ಹುಡುಗಿ ಅವಳು. ಮುಂದೆ ನಮ್ಮ ಜನರನ್ನು ಕರಿನೀರಿನ ಶಿಕ್ಷೆ ಅಂತ ಅಂಡಮಾನಿಗೆ ಸಾಗಿಸಿದ್ದೂ ಇದೇ ಸಾಮ್ರಾಜ್ಯ, ಅದಕ್ಕೇ ಇರಬೇಕು, ಅವಳ ಕಥೆ ನನಗೆ ದೂರದ್ದು ಅನ್ನಿಸಲಿಲ್ಲ.

ಎರಡು ಗಂಟೆಯಾದರೂ ಇಟ್ಟುಕೊಂಡು ಹೋಗಿ. ಅಲ್ಲೇ ಹುಟ್ಟಿ ಬೆಳೆದ ಗೆಳೆಯರಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಮ್ಯೂಸಿಯಂ ನಡೆಸುವ ಸಂಸ್ಥೆಯ ಬಳಿಯೇ ನ್ಯೂ ಸೌತ್ ವೇಲ್ಸಿನ ಹಳೇ ಕೈದಿ ದಾಖಲೆಗಳೂ ಇವೆ, ಮುತ್ತಜ್ಜನ ಹೆಸರು ಗೊತ್ತಿದ್ದರೆ ಅವರು ಆನ್‌ಲೈನಿನಲ್ಲೇ ಹುಡುಕಬಹುದು.