10 ಕಿಲೋವೋಲ್ಟ್‌ಗೆ ಮೂರು ದಾರಿ: ಫ್ಲೈಬ್ಯಾಕ್, ರೋಯರ್, ಎಲ್‌ಸಿಸಿ

ಫ್ಲೈಬ್ಯಾಕ್, ರೋಯರ್, ಎಲ್‌ಸಿಸಿ ಮೂರೂ ಕಡಿಮೆ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಏರಿಸುವ ಸರ್ಕ್ಯೂಟ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಲ್‌ಸಿಸಿಗೆ. ಗಾಳಿಯಲ್ಲಿನ ಧೂಳು ಹಿಡಿಯುವ ಪ್ಲೇಟುಗಳಿಗೆ ನನಗೆ 10 ಕಿಲೋವೋಲ್ಟ್, 3 ಮಿಲಿಆಂಪ್ ಡಿಸಿ ಬೇಕಿತ್ತು. ಒಟ್ಟು 30 ವ್ಯಾಟ್, ಅಷ್ಟೇ. ಆದರೆ ಲೋಡ್ ಒಂದೇ ಸಮ ಇರುವುದಿಲ್ಲ, ಆಗಾಗ ಕಿಡಿ ಹಾರುತ್ತದೆ, ಆದರೂ ವೋಲ್ಟೇಜ್ ಅಲ್ಲಾಡಬಾರದು. ಮೂರನ್ನೂ ಕಟ್ಟಿ ಓಡಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಡೇಟಾಶೀಟ್‌ನಲ್ಲಿ ಸಿಗುವ ಅಂಕಿಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ರೋಯರ್ ಬಗೆಯದು ರೆಡಿಮೇಡ್ ಬೋರ್ಡ್ ಆಗಿಯೇ ಸಿಗುತ್ತದೆ. ನಾನೂ ಅದನ್ನೇ ಕೊಂಡೆ. ಸ್ವಿಚ್‌ನಂತೆ ಸರದಿಯಲ್ಲಿ ಆನ್ ಆಗುವ ಎರಡು ಮಾಸ್‌ಫೆಟ್ (ಟ್ರಾನ್ಸಿಸ್ಟರ್), ಒಂದು ಚೋಕ್ (ಸುರುಳಿ), ಒಂದು ಕೆಪಾಸಿಟರ್. ಸೈನ್ ವೇವ್ ನೋಡಲು ಚೆಂದ. ಮಾಸ್‌ಫೆಟ್‌ನ ಡ್ರೇನ್ ಕಾಲಿನ ಮೇಲೆ ಇನ್‌ಪುಟ್‌ನ ಪೈ ಪಟ್ಟು ವೋಲ್ಟೇಜ್ ಬರುತ್ತದೆ, ಅಂದರೆ 24 ಕೊಟ್ಟರೆ 75. ಇದನ್ನು ನೋಡಿಕೊಂಡು ಮಾಸ್‌ಫೆಟ್ ಆರಿಸಬೇಕು. ಇನ್‌ಪುಟ್ ನಿಧಾನವಾಗಿ ಏರಿದರೆ ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್ ಆಗಿ ಹಾಗೇ ಕೂತುಬಿಡಬಹುದು, ಆಮೇಲೆ ಹೊಗೆಯೇ. ಇದಕ್ಕಿಂತ ದೊಡ್ಡ ಕೊರತೆ ಎಂದರೆ ಔಟ್‌ಪುಟ್ ಹಿಡಿದಿಡಲು ಬೋರ್ಡ್‌ಗೆ ಮೊದಲು ಇನ್‌ಪುಟ್ ವೋಲ್ಟೇಜನ್ನು ಇಳಿಸಿ ಹೊಂದಿಸುವ ಇನ್ನೊಂದು ಬಕ್ ಕನ್ವರ್ಟರ್ ಬೇಕು. ಆಗ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ, ಅಲ್ವಾ?

ಈಗ ಫ್ಲೈಬ್ಯಾಕ್. ಸ್ವಿಚ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರ್‌ನ ಕೋರ್‌ನಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಅದನ್ನು ಔಟ್‌ಪುಟ್‌ಗೆ ಬಿಡುತ್ತದೆ. ಪುಸ್ತಕಗಳೆಲ್ಲ ಸಣ್ಣ ಪವರ್‌ಗೆ ಇದನ್ನೇ ಹೇಳುತ್ತವೆ. ಕಿಡಿ ಹಾರಿದರೂ ತಡೆದುಕೊಳ್ಳುತ್ತದೆ, ಅದು ನಿಜ. ಆದರೆ ವೋಲ್ಟೇಜ್ ಏರಿದಂತೆ ಸೆಕೆಂಡರಿಯ (ಟ್ರಾನ್ಸ್‌ಫಾರ್ಮರ್‌ನ ಹೈ ವೋಲ್ಟೇಜ್ ಸುರುಳಿಯ) ಒಳಗಿನ ಕೆಪಾಸಿಟೆನ್ಸ್ ಎಲ್ಲವನ್ನೂ ನುಂಗುತ್ತದೆ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಸೆಕೆಂಡರಿಯಲ್ಲಿ ಸುತ್ತಿನ ಪಕ್ಕ ಸುತ್ತು, ಪದರದ ಮೇಲೆ ಪದರ. ಎಲ್ಲ ಸೇರಿ 20 ಪಿಕೋಫ್ಯಾರಡ್ ಆದರೂ ಆಶ್ಚರ್ಯವಿಲ್ಲ. 20 ಪಿಕೋ ಅಂದರೆ ಏನು ಮಹಾ ಅನ್ನಿಸುತ್ತದೆ. ಅದನ್ನು 10 ಕಿಲೋವೋಲ್ಟ್‌ಗೆ ಏರಿಸಲು ಬೇಕಾಗುವ ಶಕ್ತಿ 1 ಮಿಲಿಜೌಲ್. 50 ಕಿಲೋಹರ್ಟ್ಜ್‌ನಲ್ಲಿ 30 ವ್ಯಾಟ್ ಕಳಿಸಬೇಕಾದರೆ ಪ್ರತಿ ಸೈಕಲ್‌ಗೆ ಕೋರ್‌ನಲ್ಲಿ ತುಂಬುವುದು 0.6 ಮಿಲಿಜೌಲ್. ವೈಂಡಿಂಗ್ ತುಂಬಲೇ ಅದು ಸಾಲದು! ಡಯೋಡ್ ಆನ್ ಆಗುವ ಮೊದಲೇ ಶಕ್ತಿ ಮುಗಿದಿರುತ್ತದೆ. ಹೆಚ್ಚು ತುಂಬಲು ಹೋದರೆ ಮಾಸ್‌ಫೆಟ್ ಬಿಸಿ, ವೋಲ್ಟೇಜ್ ಏಟು ಹೀರುವ ಸ್ನಬ್ಬರ್ ಇನ್ನೂ ಬಿಸಿ, ಸ್ಕೋಪ್ ತುಂಬ ರಿಂಗಿಂಗ್. ಹಳೇ ಟಿವಿಗಳ ಫ್ಲೈಬ್ಯಾಕ್ 25 ಕಿಲೋವೋಲ್ಟ್ ಕೊಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕೊಡುತ್ತಿತ್ತು. ಅದು 15.6 ಕಿಲೋಹರ್ಟ್ಜ್‌ನಲ್ಲಿ ಓಡುತ್ತಿತ್ತು, ಹಾಗಾಗಿ ಅಷ್ಟೇ ಪವರ್‌ಗೆ ಪ್ರತಿ ಸೈಕಲ್‌ನಲ್ಲಿ ಹೆಚ್ಚು ಶಕ್ತಿ ಸಿಗುತ್ತಿತ್ತು. ಮುಂದೆ ಬಂದವುಗಳಲ್ಲಿ ಸೆಕೆಂಡರಿಯನ್ನು ತುಂಡು ಮಾಡಿ ನಡುನಡುವೆ ಡಯೋಡ್ ಕೂರಿಸುತ್ತಿದ್ದರು. ಮನೆಯಲ್ಲಿ ಕೂತು ಅದನ್ನು ಸುತ್ತುವುದು ನನ್ನಿಂದಾಗದ ಕೆಲಸ.

ಈ ಕೆಪಾಸಿಟೆನ್ಸ್ ಅಳೆಯುವುದೂ ಸುಲಭವಿಲ್ಲ. ಸ್ಕೋಪ್ ಪ್ರೋಬ್ ತಾನೇ 10 ಪಿಕೋಫ್ಯಾರಡ್‌ಗಿಂತ ಜಾಸ್ತಿ ಸೇರಿಸುತ್ತದೆ. ಅದಕ್ಕೇ ಪ್ರೋಬನ್ನು ವೈಂಡಿಂಗ್‌ಗೆ ತಾಗಿಸದೆ ಸುಮ್ನೆ ಹತ್ತಿರ ಹಿಡಿಯುತ್ತೇನೆ. ಪ್ರೈಮರಿಗೆ ಸಿಗ್ನಲ್ ಜನರೇಟರ್ ಕೊಟ್ಟು ಫ್ರೀಕ್ವೆನ್ಸಿ ಮೆಲ್ಲಗೆ ಏರಿಸಿದರೆ ಒಂದು ಕಡೆ ಅಲೆ ದಿಢೀರನೆ ಎದ್ದು ನಿಲ್ಲುತ್ತದೆ. ಸೆಕೆಂಡರಿ 500 ಮಿಲಿಹೆನ್ರಿ, ಅಲೆ ಎದ್ದದ್ದು 50 ಕಿಲೋಹರ್ಟ್ಜ್‌ನಲ್ಲಿ ಅಂದರೆ 20 ಪಿಕೋ ಎಂದು ಲೆಕ್ಕ. ಅದೇ ಕೋರ್‌ಗೆ ಖಾನೆಗಳಿರುವ ಬಾಬಿನ್ ಹಾಕಿ, ಅಷ್ಟೇ ಸುತ್ತುಗಳನ್ನು ಭಾಗ ಮಾಡಿ ಸುತ್ತಿ. ಅಲೆ ಏಳುವ ಜಾಗ ಮೇಲಕ್ಕೆ ಹೋಗುತ್ತದೆ. ಅದು 100ಕ್ಕೆ ಹೋದರೆ ಉಳಿದಿರುವುದು 5 ಪಿಕೋ ಮಾತ್ರ.

ಎಲ್‌ಸಿಸಿ ನನಗೆ ಹಿಡಿಸಿದ್ದು ಇಲ್ಲೇ. ಹೆಸರೇ ಹೇಳುವಂತೆ ಅದರಲ್ಲಿ ಒಂದು ಇಂಡಕ್ಟರ್ (ಎಲ್), ಎರಡು ಕೆಪಾಸಿಟರ್ (ಸಿ) ಸೇರಿ ರೆಸೊನೆನ್ಸ್, ಅಂದರೆ ತಮ್ಮದೇ ಸಹಜ ಫ್ರೀಕ್ವೆನ್ಸಿ, ಹತ್ತಿರ ಓಡುತ್ತವೆ. ಅದಕ್ಕೆ ಹೇಗೂ ಒಂದು ಪ್ಯಾರಲಲ್ ಕೆಪಾಸಿಟರ್ ಬೇಕು. 1:50 ಟ್ರಾನ್ಸ್‌ಫಾರ್ಮರ್‌ನಲ್ಲಿ ಸೆಕೆಂಡರಿಯ 20 ಪಿಕೋ ಪ್ರೈಮರಿಗೆ 2500 ಪಟ್ಟಾಗಿ, ಅಂದರೆ 50 ನ್ಯಾನೋಫ್ಯಾರಡ್ ಆಗಿ ಕಾಣುತ್ತದೆ. ಫ್ಲೈಬ್ಯಾಕ್‌ಗೆ ಶತ್ರುವಾಗಿದ್ದ ಅದೇ ಕೆಪಾಸಿಟೆನ್ಸ್ ಇಲ್ಲಿ ಸರ್ಕ್ಯೂಟ್‌ನ ಭಾಗ. ಲೀಕೇಜ್ ಇಂಡಕ್ಟೆನ್ಸ್ ಕೂಡ ಸೀರೀಸ್ ಇಂಡಕ್ಟರ್‌ನ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ತುಂಬಿದ ಶಕ್ತಿ ಸುಟ್ಟುಹೋಗುವುದಿಲ್ಲ, ವಾಪಸ್ ಬರುತ್ತದೆ.

ತೊಂದರೆ ಇಲ್ಲ ಅಂತಲ್ಲ. ಲೋಡ್ ಇಲ್ಲದಾಗಲೂ ಕರೆಂಟ್ ಸುತ್ತುತ್ತಲೇ ಇರುತ್ತದೆ, ಹೀಟ್‌ಸಿಂಕ್ ಬೆಚ್ಚಗಿರುತ್ತದೆ. ಫ್ರೀಕ್ವೆನ್ಸಿ ರೆಸೊನೆನ್ಸ್‌ಗಿಂತ ಕೆಳಗೆ ಜಾರಿದರೆ ಮಾಸ್‌ಫೆಟ್ ಹೋಯಿತು ಎಂದೇ ಲೆಕ್ಕ. ನಾನು ಕೆಳಗಿನ ಮಾಸ್‌ಫೆಟ್‌ನ ಗೇಟನ್ನು ಸ್ಕೋಪ್‌ನಲ್ಲಿ ನೋಡುತ್ತಿರುತ್ತೇನೆ. ಗೇಟ್ ವೋಲ್ಟೇಜ್ ನಡುವೆ ಎಲ್ಲೂ ನಿಲ್ಲದೆ ನೇರ ಏರಿದರೆ ಸ್ವಿಚಿಂಗ್ ಸೊನ್ನೆ ವೋಲ್ಟ್‌ನಲ್ಲಿ ಆಗುತ್ತಿದೆ. ನಡುವೆ ಒಂದು ಚಪ್ಪಟೆ ಮೆಟ್ಟಿಲು ಕಂಡರೆ ತಕ್ಷಣ ಫ್ರೀಕ್ವೆನ್ಸಿ ಏರಿಸುತ್ತೇನೆ.

ಟ್ರಾನ್ಸ್‌ಫಾರ್ಮರ್‌ನ ನಂತರ ಡಯೋಡ್, ಕೆಪಾಸಿಟರ್‌ಗಳಿಂದ ವೋಲ್ಟೇಜನ್ನು ಹಂತಹಂತವಾಗಿ ಏರಿಸುವ ಮಲ್ಟಿಪ್ಲೈಯರ್ ಬಗ್ಗೆ ಒಂದು ಮಾತು. ಹಂತ ಹೆಚ್ಚಿಸಬೇಡಿ. 3 ಮಿಲಿಆಂಪ್, 70 ಕಿಲೋಹರ್ಟ್ಜ್, 1 ನ್ಯಾನೋಫ್ಯಾರಡ್‌ಗೆ ಲೆಕ್ಕ ಹಾಕಿದರೆ ಎರಡು ಹಂತದಲ್ಲಿ ಬೀಳುವುದು 300 ವೋಲ್ಟ್, ನಾಲ್ಕರಲ್ಲಿ 2100ಕ್ಕೂ ಜಾಸ್ತಿ. 1ಎನ್4007 ಡಯೋಡ್ ಬೇಡವೇ ಬೇಡ, ಈ ಫ್ರೀಕ್ವೆನ್ಸಿಗೆ ಅದು ತುಂಬ ನಿಧಾನ. ವೇಗದ ಯುಎಫ್4007 ಸಾಲು ಜೋಡಿಸಿ. ಅಗ್ಗದ ಸೆರಾಮಿಕ್ ಕೆಪಾಸಿಟರ್ ವೋಲ್ಟೇಜ್ ಏರಿದಂತೆ ಕೆಪಾಸಿಟೆನ್ಸ್ ಕಳೆದುಕೊಳ್ಳುತ್ತದೆ. ಸಿ0ಜಿ ಬಗೆಯ ಸೆರಾಮಿಕ್ ಸಿಕ್ಕರೆ ಅದನ್ನೇ ಹಾಕಿ. ಔಟ್‌ಪುಟ್‌ಗೆ ಉಳಿದ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಇರಲೇಬೇಕು, ಮುಟ್ಟುವ ಮೊದಲು ಅರ್ಥ್ ಕಡ್ಡಿಯಿಂದ ತಾಗಿಸಲೇಬೇಕು. ಉಳಿದ ಚಾರ್ಜ್ ಅಪಾಯ ತರಬಹುದು.

ಎಪಾಕ್ಸಿ ಸುರಿದರೆ ಗುಳ್ಳೆ ಉಳಿಯುತ್ತದೆ, ಗುಳ್ಳೆಯೊಳಗೆ ಡಿಸ್ಚಾರ್ಜ್ ಶುರುವಾಗುತ್ತದೆ. ನನ್ನ ಹತ್ತಿರ ವ್ಯಾಕ್ಯೂಮ್ ಪಂಪ್ ಇಲ್ಲ. ಟ್ರಾನ್ಸ್‌ಫಾರ್ಮರ್ ಆಯಿಲ್‌ನಲ್ಲೇ ಮುಳುಗಿಸುತ್ತೇನೆ. ಬಿಚ್ಚಿ ಮತ್ತೆ ಸುತ್ತುವ ಚಾಳಿ ನನಗಿರುವುದರಿಂದ ಅದೇ ಅನುಕೂಲ.

ಲೋಡ್ ಬದಲಾಗುವುದಿಲ್ಲ, ಔಟ್‌ಪುಟ್ ಅಷ್ಟು ಕರಾರುವಾಕ್ಕಾಗಿ ಬೇಡ ಎಂದಾದರೆ ರೋಯರ್ ಬೋರ್ಡ್ ಕೊಳ್ಳಿ. ಎರಡು ಮೂರು ವ್ಯಾಟ್, ಒಂದು ಕಿಲೋವೋಲ್ಟ್ ಆಸುಪಾಸು ಸಾಕೆಂದರೆ ಫ್ಲೈಬ್ಯಾಕ್ ಚೆನ್ನಾಗಿದೆ. ನನ್ನ ಕೆಲಸಕ್ಕೆ ಎಲ್‌ಸಿಸಿಯೇ. ಅದರಲ್ಲೂ ನನ್ನ ದುಡ್ಡು ಹೋದದ್ದು ಕಂಟ್ರೋಲರ್‌ಗಲ್ಲ, ಖಾನೆಯ ಬಾಬಿನ್‌ಗೆ, ಪ್ರೈಮರಿಯ ಲಿಟ್ಜ್ ತಂತಿಗೆ ಮತ್ತು 1000:1 ಹೈ ವೋಲ್ಟೇಜ್ ಪ್ರೋಬ್‌ಗೆ.