ಕಾರ್ಡನ್ನು ಕೇಸಿನಿಂದ ತೆಗೆಯಬೇಡ ಅಂದರೆ ಅಲ್ಲಿಂದಲೇ ಎದ್ದು ಬನ್ನಿ

ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ. ಹೆಂಡತಿಗೆ ಇನ್ನೂ ಪೂರ್ತಿ ಮೊತ್ತ ಹೇಳಿಲ್ಲ. ಆದರೆ ನನಗೆ ಮೋಸ ಮಾಡಿದ ಮನುಷ್ಯ ಮತ್ತೆ ಬ್ಯಾಸ್ಕೆಟ್‌ಬಾಲ್ ಆಟಗಾರರ ಕಾರ್ಡ್ ಮಾರಲು ಶುರು ಮಾಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಶಿಕಾಗೋ ಹತ್ತಿರ. ಮಗನಿಂದ ಶುರುವಾದ ಕಾರ್ಡ್ ಹುಚ್ಚು, ಈಗ ಅವನಿಗೆ ಬಿಟ್ಟಿದೆ, ನನಗೆ ಅಂಟಿದೆ. ಈ ಊರಿನಲ್ಲಿದ್ದು ಕಾರ್ಡ್ ಕೂಡಿಸುವವನಿಗೆ ಒಂದೇ ಆಸೆ. ಫ್ಲೀರ್ ಕಂಪನಿಯ 1986ರ ಸೆಟ್ಟಿನ 57ನೇ ನಂಬರ್, ಶಿಕಾಗೋ ಬುಲ್ಸ್ ತಂಡದ ಮೈಕೆಲ್ ಜೋರ್ಡನ್. ಒಟ್ಟು 132 ಕಾರ್ಡಿನ ಸೆಟ್ಟು, ಎಲ್ಲರ ಕಣ್ಣೂ ಆ ಒಂದರ ಮೇಲೆ. ನಾಲಿಗೆ ಚಾಚಿಕೊಂಡು ಬುಟ್ಟಿಯ ಕಡೆ ಹಾರುತ್ತಿದ್ದಾನಲ್ಲ, ಅದೇ.

ಮಾರಿದವರು ಕನ್ನಡದವರು. ಹಾಸನದ ಕಡೆಯವರು, ನಾನೂ ಹಾಸನದವನೇ. ಇಲ್ಲೇ ನಾನು ಬಿದ್ದದ್ದು. ಪಿಕ್ನಿಕ್ಕಿನಲ್ಲಿ ಸಿಕ್ಕರು, ‘ತಮ್ಮಾ, ನಿನ್ನ ಹತ್ತಿರ ಜಾಸ್ತಿ ತಗೊಳ್ತೀನಾ?’ ಅಂದರು. ನಾನು ಒಂದು ಕೈಯಲ್ಲಿ ಬಿಸಿಬೇಳೆಬಾತ್ ತಟ್ಟೆ, ಇನ್ನೊಂದು ಕೈಯಲ್ಲಿ ಜೋರ್ಡನ್ ಹಿಡಿದುಕೊಂಡು ನಿಂತಿದ್ದೆ. 4,200 ಡಾಲರ್. ‘ಪೇಪಾಲಿನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸು, ಸುಮ್ನೆ ಯಾಕೆ ಕಮಿಷನ್ ಕೊಡೋದು’ ಅಂದರು. ಕಳಿಸಿದೆ. ಹಾಗೆ ಕಳಿಸಿದರೆ ಪೇಪಾಲ್ ದುಡ್ಡು ವಾಪಸ್ ಕೊಡಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ. ಬೈಯುವವರು ಇಲ್ಲೇ ಬೈದು ಮುಗಿಸಿ.

ನೋಡದೆ ಏನೂ ತಗೊಳ್ಳಲಿಲ್ಲ. ಈ ಕಾರ್ಡಿಗೆ ನಕಲಿಗಳು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡೇ ಹೋಗಿದ್ದೆ. ಅಕ್ಷರದ ಕಪ್ಪು ಗಟ್ಟಿಯಾಗಿದೆಯಾ ಚುಕ್ಕೆ ಚುಕ್ಕೆಯಾಗಿದೆಯಾ, ಫೋಟೋದ ಚುಕ್ಕೆಗಳು ಸರಿಯಾಗಿವೆಯಾ, ಎಲ್ಲ ನೋಡಿದೆ. ಅಸಲಿ. ಈಗಲೂ ಹೇಳುತ್ತೇನೆ, ಕಾರ್ಡ್ ಅಸಲಿಯೇ. ಮೋಸ ಅಲ್ಲಿರಲಿಲ್ಲ.

ಕಾರ್ಡ್ ಮ್ಯಾಗ್ನೆಟ್ ಕೇಸಿನಲ್ಲಿತ್ತು, ಮ್ಯಾಗ್ನೆಟ್ಟಿನಿಂದ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ‘ತೆಗೆದು ನೋಡ್ಲಾ ಅಣ್ಣಾ?’ ಅಂದೆ. ‘ಬೇಡ ತಮ್ಮಾ, ತೆಗೆಯುವಾಗ ಮೂಲೆ ಹಾಳಾದರೆ ನಿನಗೇ ನಷ್ಟ’ ಅಂದರು. ಎಷ್ಟು ಕಾಳಜಿ ಅಂತ ಅಂದುಕೊಂಡೆ! ಕೇಸಿನ ಮೇಲಿಂದಲೇ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಎಡಗಡೆ ಅಂಚು, ಬಲಗಡೆ ಅಂಚು, ಎರಡೂ ಸಮ. ಚಿತ್ರ ಸರಿಯಾಗಿ ಮಧ್ಯಕ್ಕೆ ಕೂತಿರುವುದಕ್ಕೆ ಸೆಂಟರಿಂಗ್ ಅನ್ನುತ್ತಾರೆ, ಫ್ಲೀರ್ ಜೋರ್ಡನ್ನಿನಲ್ಲಿ ಇಂಥ ಸೆಂಟರಿಂಗ್ ಎಲ್ಲಿ ಸಿಗುತ್ತೆ ಹೇಳಿ? ಅಂಚುಗಳೂ ಚೂರಿಯಲ್ಲಿ ಕೊಯ್ದ ಹಾಗೆ ನೀಟಾಗಿದ್ದವು. ಚೂರಿಯಲ್ಲಿ ಕೊಯ್ದ ಹಾಗೆ. ಇದನ್ನು ನಾನೇ ಮಗನಿಗೆ ಹೇಳಿದ್ದೆ, ಹೊಗಳಿಕೆ ಅಂತ.

ಕೇಸ್ ಅಲ್ಲಾಡಿಸಿದಾಗ ಒಳಗಡೆ ಟಿಕ್ ಅಂತ ಸಣ್ಣ ಸದ್ದು ಬಂತು. ಕೇಳಿಸಿಕೊಂಡೆ, ಬಿಟ್ಟೆ.

ಗ್ರೇಡಿಂಗಿಗೆ ಕಳಿಸಿದೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ನಂಬರ್ ಕೊಡುವ ಕಂಪನಿಗೆ. ಫೀಸು, ವಿಮೆ, ಪೋಸ್ಟೇಜ್ ಎಲ್ಲ ಸೇರಿ 350 ಡಾಲರ್ ಹತ್ತಿರ. 8 ಬರುತ್ತೆ ಅಂತ ಲೆಕ್ಕ, ಒಳಗೊಳಗೇ 9ರ ಆಸೆ. ಬಂದದ್ದು ನಂಬರ್ರೇ ಅಲ್ಲ. ‘ಎವಿಡೆನ್ಸ್ ಆಫ್ ಟ್ರಿಮ್ಮಿಂಗ್’. ಅಂಚು ಕತ್ತರಿಸಿದ್ದಾರೆ ಅಂತ. ಆಫೀಸಿನ ಮೀಟಿಂಗಿನಲ್ಲಿ ಕೂತು ಫೋನಿನಲ್ಲಿ ಓದಿದೆ. ಆಮೇಲೆ ಆ ಮೀಟಿಂಗಿನಲ್ಲಿ ಏನಾಯ್ತು ಅಂತ ನೆನಪೇ ಇಲ್ಲ.

ಕಾರ್ಡ್ ವಾಪಸ್ ಬಂದ ಮೇಲೆ ಮೊದಲು ಮಾಡಬೇಕಿದ್ದ ಕೆಲಸ ಕೊನೆಗೆ ಮಾಡಿದೆ. ಅದೇ ಸೆಟ್ಟಿನ ಇನ್ನೊಂದು ಸಾಮಾನ್ಯ ಕಾರ್ಡ್ ತಂದು ಜೋರ್ಡನ್ ಬೆನ್ನಿಗೆ ಜೋಡಿಸಿ ಎಡಗಡೆ ಸಮ ಮಾಡಿ, ಬಲಗಡೆ ಉಗುರು ಎಳೆದೆ. ಉಗುರು ತಡೆಯಿತು. ಕೂದಲೆಳೆಯಷ್ಟು ಮೆಟ್ಟಿಲು. ಕ್ಯಾಲಿಪರ್ ಹಿಡಿದರೆ ಅಗಲ 62.7 ಮಿಲಿಮೀಟರ್. ಇರಬೇಕಾದದ್ದು ಎರಡೂವರೆ ಇಂಚು, ಅಂದರೆ 63.5. ಕೇಸಿನೊಳಗೆ ಟಿಕ್ ಅಂದದ್ದೂ ಅದಕ್ಕೇ. ಆ ಸಾಮಾನ್ಯ ಕಾರ್ಡಿನ ಅಂಚು ಸ್ವಲ್ಪ ಒರಟಾಗಿತ್ತು, ಬಣ್ಣ ಅಲ್ಲಲ್ಲಿ ಉದುರಿತ್ತು, 1986ರದ್ದು ಇರಬೇಕಾದ ಹಾಗೇ. ಜೋರ್ಡನ್ ಬಲ ಅಂಚು ಮಾತ್ರ ನಿನ್ನೆ ಕತ್ತರಿಸಿದ ಹಾಗೆ. ಸೆಂಟರಿಂಗ್ ಯಾಕೆ ಅಷ್ಟು ಚೆನ್ನಾಗಿತ್ತು ಅಂತ ಆಗ ಹೊಳೆಯಿತು. ಬಲಗಡೆ ಜಾಸ್ತಿ ಇದ್ದ ಅಂಚನ್ನೇ ಕೊಯ್ದು ಸಮ ಮಾಡಿದ್ದಾರೆ! ನಾನು ಮರುಳಾದದ್ದೇ ಆ ಕೊಯ್ತಕ್ಕೆ.

ವಾಟ್ಸಾಪ್ ಮಾಡಿದೆ. ಅವರ ಉತ್ತರಗಳನ್ನು ಹಾಗೇ ಹಾಕುತ್ತೇನೆ.

ಮೊದಲನೆಯದು: ‘ಗ್ರೇಡ್ ಮಾಡೋರಿಗೆ ಅವತ್ತು ಮೂಡ್ ಇರಲ್ಲ ತಮ್ಮಾ, ಇನ್ನೊಂದ್ಸಲ ಕಳಿಸು.’ ಇನ್ನೊಂದ್ಸಲ ಅಂತೆ! ಫೀಸು ಯಾರು ಕೊಡಬೇಕು?

ಅಳತೆಯ ಫೋಟೋ ಕಳಿಸಿದೆ. ‘ಫ್ಯಾಕ್ಟರಿಯಿಂದಲೇ ಹಾಗೆ ಬರುತ್ತೆ.’

ದುಡ್ಡು ವಾಪಸ್ ಕೊಡಿ ಅಣ್ಣಾ ಅಂದೆ. ಆಗ ಬಂತು ನೋಡಿ: ‘ವ್ಯಾಗ್ನರ್ ಕಾರ್ಡೂ ಕತ್ತರಿಸಿದ್ದೇ ಅಲ್ವಾ, ಅದರ ಬೆಲೆ ಎಷ್ಟು ಗೊತ್ತಾ ನಿನಗೆ?’

ಗೊತ್ತು ಸ್ವಾಮಿ. 1991ರಲ್ಲಿ ಪಿಎಸ್‌ಎ ಅನ್ನುವ ಗ್ರೇಡಿಂಗ್ ಕಂಪನಿ ಮೊಟ್ಟಮೊದಲು ಗ್ರೇಡ್ ಮಾಡಿ 8 ಕೊಟ್ಟ ಕಾರ್ಡ್, ಟಿ206 ಅನ್ನುವ ಹಳೇ ಸೆಟ್ಟಿನ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್. 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು. ಅದರ ಅಂಚು ಕತ್ತರಿಸಿದ್ದು ನಾನೇ ಅಂತ ಕಾರ್ಡ್ ಹರಾಜು ಹಾಕುತ್ತಿದ್ದ ಬಿಲ್ ಮಾಸ್ಟ್ರೋ 2013ರಲ್ಲಿ ಇದೇ ಶಿಕಾಗೋ ಕೋರ್ಟಿನಲ್ಲಿ ಒಪ್ಪಿಕೊಂಡ. ಅವನು ಒಪ್ಪಿಕೊಂಡನಲ್ಲ, ನೀವೂ ಒಪ್ಪಿಕೊಳ್ಳಿ ಅಂತ ಬರೆದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮೂರು ದಿನ ಬಿಟ್ಟು: ‘ನೀವೇ ನೋಡಿ ತೆಗೆದುಕೊಂಡಿದ್ದೀರಿ. ನಾನೂ ಹಾಗೇ ತೆಗೆದುಕೊಂಡಿದ್ದು.’ ನೀವು! ದುಡ್ಡು ಕೇಳುವವರೆಗೆ ತಮ್ಮ, ಕೇಳಿದ ಮೇಲೆ ನೀವು. 4,200 ಡಾಲರಿಗಿಂತ ಆ ‘ನೀವು’ ಜಾಸ್ತಿ ಚುಚ್ಚಿತು.

ಇದಕ್ಕಿಂತ ದೊಡ್ಡದು ಇನ್ನೂ ಇದೆ. ಒಂದು ರಾತ್ರಿ ನಿದ್ದೆ ಬರದೆ ಕಾರ್ಡ್ ಕೂಡಿಸುವವರ ನಮ್ಮ ಗುಂಪಿನ ಹಳೆಯ ಫೋಟೋಗಳನ್ನು ಮೇಲೆ ಮೇಲೆ ಎಳೆಯುತ್ತಾ ಹೋದೆ. ಹೋದ ವರ್ಷ ಇವರೇ ಹಾಕಿದ್ದ ಜೋರ್ಡನ್. ಮೊಣಕಾಲಿನ ಎಡಕ್ಕೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ, ಪ್ರಿಂಟಿನ ದೋಷ. ನನ್ನ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಆದರೆ ಆ ಫೋಟೋದಲ್ಲಿ ಬಲಗಡೆ ಅಂಚು ಎಡಕ್ಕಿಂತ ಅಗಲವಾಗಿ ಎದ್ದು ಕಾಣುತ್ತಿತ್ತು. ಅಂದರೆ ಅವರ ಕೈಗೆ ಬಂದಾಗ ಕಾರ್ಡ್ ಪೂರ್ತಿ ಇತ್ತು. ಎರಡೂ ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದೆ. ‘ಅದು ಬೇರೆ ಕಾರ್ಡ್.’ ಅಷ್ಟೇ. ಬೆಳಿಗ್ಗೆ ನೋಡಿದರೆ ಗುಂಪಿನಿಂದ ಆ ಹಳೆಯ ಫೋಟೋ ಅಳಿಸಿದ್ದರು. ನಾನು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಏನು ಮಾಡಬೇಕು ಅಂತ ಕೇಳುವವರಿಗೆ: ಕೇಸಿನಿಂದ ತೆಗೆಸಿ. ಅಗಲ ಒಂದೇ ಕಡೆ ಅಳೆಯಬೇಡಿ, ಮೇಲೆ, ಮಧ್ಯೆ, ಕೆಳಗೆ ಮೂರೂ ಕಡೆ ಅಳೆಯಿರಿ. ಅದೇ ಸೆಟ್ಟಿನ ಅಗ್ಗದ ಕಾರ್ಡೊಂದು ಜೇಬಿನಲ್ಲಿರಲಿ, ಬೆನ್ನಿಗೆ ಹಚ್ಚಿ ನೋಡಿ. ದೀಪ ಓರೆಯಾಗಿ ಹಿಡಿಯಿರಿ, ನೇರ ಬೆಳಕಿನಲ್ಲಿ ಸಣ್ಣ ಸುಕ್ಕು ಕಾಣುವುದಿಲ್ಲ. ಹಳೆಯ ಕಾರ್ಡಿನ ಅಂಚು ಹೊಸದರ ಹಾಗಿದ್ದರೆ ಖುಷಿಪಡಬೇಡಿ, ಅನುಮಾನಪಡಿ. ಮತ್ತೆ, ಊಟದ ತಟ್ಟೆ ಕೆಳಗಿಟ್ಟು ವ್ಯವಹಾರ ಮಾಡಿ.

ಹೆಸರು ಹಾಕುವುದಿಲ್ಲ. ನಿನ್ನೆ ಅವರು ಗುಂಪಿನಲ್ಲಿ ಅದೇ ಸೆಟ್ಟಿನ ಬಾರ್ಕ್ಲಿ ಕಾರ್ಡ್ ಹಾಕಿದ್ದಾರೆ. ಮ್ಯಾಗ್ನೆಟ್ ಕೇಸಿನಲ್ಲೇ ಇದೆ. ಕೆಳಗೆ ‘ಸೆಂಟರಿಂಗ್ ನೋಡಿ!’ ಅಂತ ಬರೆದಿದ್ದಾರೆ.